ಮೂತ್ರಪಿಂಡವೂ ರಕ್ತದ ಒತ್ತಡವೂ

ರಕ್ತದ ಒತ್ತಡವು ಹೆಚ್ಚಿದೆಯೆಂದು ವೈದ್ಯರು ಹೇಳಿದೊಡನೆ ನಾವು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತೇವೆ. ರಕ್ತವನ್ನು ನೂಕುವುದು ಹೃದಯವಾದುದರಿಂದ ತಪ್ಪೂ ಅದರದೇ ಇರಬೇಕೆಂದು ನಮ್ಮ ಊಹೆ. ಆದರೆ ಒತ್ತಡದ ಲೆಕ್ಕವನ್ನು ಹಗಲಿರುಳೂ ನೋಡಿಕೊಳ್ಳುವವರಲ್ಲಿ ಮುಖ್ಯರಾದವರು ಬೆನ್ನೆಲುಬಿನ ಇಕ್ಕೆಲಗಳಲ್ಲಿ ಹುದುಗಿರುವ ಮೂತ್ರಪಿಂಡಗಳು. ರಕ್ತವನ್ನು ಸೋಸುವುದಷ್ಟೇ ಅವುಗಳ ಕೆಲಸವಲ್ಲ.

ಈ ಸಂಗತಿಯ ಮೊದಲ ಸುಳಿವು ದೊರೆತದ್ದು 1898ರಲ್ಲಿ. ಸ್ವೀಡನ್ನಿನ ಸ್ಟಾಕ್‌ಹೋಂ ನಗರದಲ್ಲಿ ರಾಬರ್ಟ್ ಟಿಗರ್‌ಸ್ಟೆಟ್ ಎಂಬ ಶರೀರಶಾಸ್ತ್ರಜ್ಞರು ಬೆರ್ಗ್‌ಮನ್ ಎಂಬ ವಿದ್ಯಾರ್ಥಿಯೊಡನೆ ಮೊಲದ ಮೂತ್ರಪಿಂಡದಿಂದ ಸಾರವನ್ನು ತೆಗೆದು ಬೇರೊಂದು ಮೊಲದ ರಕ್ತಕ್ಕೆ ಸೇರಿಸಿದರು. ಒತ್ತಡವು ಏರಿತು. ಆ ಸಾರದಲ್ಲಿದ್ದ ವಸ್ತುವಿಗೆ ಅವರು ರೆನಿನ್ ಎಂದು ಹೆಸರಿಟ್ಟರು. ಇಷ್ಟು ದೊಡ್ಡ ವಿಷಯವು ಮೂವತ್ತು ವರ್ಷಗಳಿಗೂ ಮೀರಿ ಬಹುಮಟ್ಟಿಗೆ ಮೂಲೆಯಲ್ಲಿ ಬಿದ್ದಿತ್ತೆಂಬುದು ಸೋಜಿಗ. 1934ರಲ್ಲಿ ಅಮೆರಿಕೆಯ ಕ್ಲೀವ್‌ಲೆಂಡಿನಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ಎಂಬುವರು ನಾಯಿಯ ಮೂತ್ರಪಿಂಡಕ್ಕೆ ಹೋಗುವ ಧಮನಿಯನ್ನು ಬೆಳ್ಳಿಯ ಚಿಕ್ಕ ಹಿಡಿಕೆಯಿಂದ ಅಮುಕಿ, ರಕ್ತದ ಹರಿವನ್ನು ನಿಲ್ಲಿಸದೆ ಕುಗ್ಗಿಸಿದರು. ಇಡೀ ದೇಹದ ಒತ್ತಡವೇ ಏರಿತು. ಎರಡು ಕಡೆಯ ಧಮನಿಗಳನ್ನೂ ಹೀಗೆ ಅಮುಕಿದಾಗ ಏರಿದ ಒತ್ತಡವು ಇಳಿಯದೆ ನಿಂತಿತು.

ಮುಂದೆ 1939–40ರ ಸುಮಾರಿನಲ್ಲಿ ಬ್ಯೂನಸ್ ಐರಿಸ್ ನಗರದ ಬ್ರೌನ್-ಮೆನೆಂಡೆಸ್ ಮತ್ತು ಅವರ ಸಂಗಡಿಗರೂ, ಇಂಡಿಯಾನಾಪೊಲಿಸ್ಸಿನ ಅರ್ವಿನ್ ಪೇಜ್ ಮತ್ತು ಅವರ ಸಂಗಡಿಗರೂ ಬೇರೆಬೇರೆಯಾಗಿ ದುಡಿದು ಒಂದೇ ನಿರ್ಣಯಕ್ಕೆ ಬಂದರು: ರೆನಿನ್ ತಾನೇ ಒತ್ತಡವನ್ನು ಏರಿಸುವುದಿಲ್ಲ, ಅದು ರಕ್ತದಲ್ಲಿರುವ ಪ್ರೋಟೀನೊಂದನ್ನು ಕತ್ತರಿಸಿ ಒತ್ತಡವನ್ನೇರಿಸುವ ಮತ್ತೊಂದು ವಸ್ತುವನ್ನು ಹುಟ್ಟಿಸುತ್ತದೆ. ಅದಕ್ಕೆ ಅವರು ಹೈಪರ್‌ಟೆನ್ಸಿನ್ ಎಂದರು, ಇವರು ಆಂಜಿಯೋಟೋನಿನ್ ಎಂದರು. ಒಂದೇ ಮಗುವಿಗೆ ಎರಡು ಮನೆಯವರು ಎರಡು ಹೆಸರನ್ನು ಕೂಗಿದಂತಾಯಿತು. ಕಡೆಗೆ 1958ರಲ್ಲಿ ಉಭಯರೂ ಒಪ್ಪಿ, ಒಂದರ ತಲೆಗೆ ಮತ್ತೊಂದರ ಬಾಲವನ್ನು ಜೋಡಿಸಿ ಆಂಜಿಯೋಟೆನ್ಸಿನ್ ಎಂದು ಕರೆದರು. ವಿದ್ವಾಂಸರ ವ್ಯಾಜ್ಯಗಳೆಲ್ಲ ಇಷ್ಟು ಸುಲಭವಾಗಿ ತೀರುವುದಿಲ್ಲ.

ಈ ವಸ್ತುವು ಸಿದ್ಧವಾಗುವ ಕ್ರಮವನ್ನು ನೋಡೋಣ. ಮೂಲ ಪ್ರೋಟೀನನ್ನು ಒದಗಿಸುವುದು ಯಕೃತ್ತು. ರೆನಿನ್ ಅದರಿಂದ 10 ಅಮೈನೊ ಆಮ್ಲಗಳ ತುಣುಕೊಂದನ್ನು ಕತ್ತರಿಸುತ್ತದೆ. ಈ ತುಣುಕು ಹೆಚ್ಚಿನ ಬಲವುಳ್ಳದ್ದಲ್ಲ. ಇನ್ನೊಂದು ಕಿಣ್ವವು, ಮುಖ್ಯವಾಗಿ ಶ್ವಾಸಕೋಶದ ಸೂಕ್ಷ್ಮನಾಳಗಳಲ್ಲಿ, ಅದರಿಂದ ಎರಡನ್ನು ಕಳೆಯುತ್ತದೆ. ಉಳಿದ ಎಂಟರ ಸರಪಣಿಯೇ ಎರಡನೆಯ ಆಂಜಿಯೋಟೆನ್ಸಿನ್. ನಿಜವಾದ ಪ್ರಭಾವವು ಇದರದು. ತೋಟಕ್ಕೆ ನೀರು ಬಿಡುವ ಕೊಳವೆಯ ಬಾಯನ್ನು ಬೆರಳಿನಿಂದ ಅದುಮಿದರೆ ಒಳಗಣ ಒತ್ತಡವು ಹೆಚ್ಚುವಂತೆ, ಇದು ಸಣ್ಣ ಧಮನಿಗಳನ್ನು ಬಿಗಿಯುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಆಲ್ಡೋಸ್ಟಿರೋನ್ ಎಂಬ ಹಾರ್ಮೋನನ್ನು ಹೊರಡಿಸಿ, ಉಪ್ಪನ್ನೂ ಅದರೊಡನೆ ನೀರನ್ನೂ ದೇಹದಲ್ಲಿ ಉಳಿಸುತ್ತದೆ. ಬಾಯಾರಿಕೆಯನ್ನೂ ಹುಟ್ಟಿಸುತ್ತದೆ. ಗಾಯದಿಂದ ರಕ್ತವು ಸುರಿಯುವಾಗ, ವಾಂತಿಭೇದಿಯಿಂದ ನೀರು ಬರಿದಾಗುವಾಗ ನಮ್ಮ ಪ್ರಾಣವನ್ನು ಹಿಡಿದು ನಿಲ್ಲಿಸುವ ಏರ್ಪಾಡುಗಳಲ್ಲಿ ಇದೂ ಒಂದು. ಇದನ್ನು ಬರಿಯ ಶತ್ರುವೆಂದು ಭಾವಿಸುವುದು ಅನ್ಯಾಯ.

ತೊಡಕು ಎಲ್ಲಿದೆಯೆಂದರೆ, ಮೂತ್ರಪಿಂಡವು ತನ್ನ ಬಾಗಿಲಿಗೆ ಬಂದ ರಕ್ತವನ್ನು ನೋಡಿಯೇ ಊರಿನ ಸ್ಥಿತಿಯನ್ನು ನಿರ್ಣಯಿಸುತ್ತದೆ. ಅದರ ಧಮನಿಯು ಕಿರಿದಾಗಿದ್ದರೆ, ದೇಹದಲ್ಲಿ ರಕ್ತವು ತುಂಬಿದ್ದರೂ ಅದಕ್ಕೆ ಕ್ಷಾಮವೇ ಕಾಣುತ್ತದೆ. ರೆನಿನ್ನನ್ನು ಕಳುಹಿಸುತ್ತಲೇ ಇರುತ್ತದೆ. ಗೋಲ್ಡ್‌ಬ್ಲಾಟರ ನಾಯಿಗಳಲ್ಲಿ ನಡೆದದ್ದು ಇದೇ. ಹೃದಯವು ಸೋತು ರಕ್ತವನ್ನು ಸಾಕಷ್ಟು ನೂಕಲಾರದಾದಾಗಲೂ ಹೀಗೆಯೇ ನೀರು ಕೂಡಿಕೊಂಡು ಕಾಲುಗಳು ಊದಿಕೊಳ್ಳುತ್ತವೆ. ಒತ್ತಡ ಹೆಚ್ಚಿದವರೆಲ್ಲರಲ್ಲಿಯೂ ರೆನಿನ್ ಹೆಚ್ಚಿರುವುದಿಲ್ಲವೆಂಬುದನ್ನೂ ಹೇಳಬೇಕು. ಬಹುಮಂದಿಯಲ್ಲಿ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸುವುದಾಗದು.

ಈ ಸರಪಣಿಯನ್ನು ತಡೆಯುವ ಉಪಾಯದ ಸುಳಿವು ಬಂದದ್ದು ಹಾವಿನ ವಿಷದಿಂದ. ಬ್ರೆಜಿಲ್ಲಿನ ಜರರಾಕ ಎಂಬ ಮಂಡಲದ ಜಾತಿಯ ಹಾವು ಕಚ್ಚಿದವರ ರಕ್ತದೊತ್ತಡವು ಕುಸಿಯಬಹುದು. ಅದೇ ದೇಶದ ಸೆರ್ಜಿಯೊ ಫೆರೇರ ಎಂಬುವರು ಆ ವಿಷದಲ್ಲಿನ ವಸ್ತುಗಳನ್ನು ಕುರಿತು 1965ರಲ್ಲಿ ಪ್ರಕಟಿಸಿದರು. ಅವು ಶ್ವಾಸಕೋಶದ ಆ ಕಿಣ್ವವನ್ನೇ ಕಟ್ಟಿಹಾಕುತ್ತವೆಂದು ಬಳಿಕ ತಿಳಿಯಿತು. ಅಮೆರಿಕೆಯ ಸ್ಕ್ವಿಬ್ ಸಂಸ್ಥೆಯ ಒಂಡೆಟ್ಟಿ, ಕುಷ್‌ಮನ್ ಎಂಬಿಬ್ಬರು ಇದೇ ಜಾಡಿನಲ್ಲಿ ಹೋಗಿ ಬಾಯಿಂದ ಸೇವಿಸಬಹುದಾದ ಕ್ಯಾಪ್ಟೋಪ್ರಿಲ್ಲನ್ನು ನಿರ್ಮಿಸಿದರು. 1981ರಲ್ಲಿ ಆ ದೇಶದಲ್ಲಿ ಅದಕ್ಕೆ ಮಂಜೂರಾತಿ ದೊರೆಯಿತು. ಲೊಸಾರ್ಟನ್ ಮೊದಲಾದ ಮುಂದಿನ ಔಷಧಗಳು ಕಿಣ್ವವನ್ನು ಮುಟ್ಟದೆ, ಎರಡನೆಯ ಆಂಜಿಯೋಟೆನ್ಸಿನ್ ಹೋಗಿ ತಗಲುವ ಸ್ಥಾನವನ್ನೇ ಮುಚ್ಚುತ್ತವೆ.

ಕ್ಯಾಪ್ಟೋಪ್ರಿಲ್ಲಿನ ವರ್ಗದ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಹತ್ತುತ್ತದೆ. ಎರಡು ವರ್ಗದವೂ ಗರ್ಭಸ್ಥ ಶಿಶುವಿಗೆ ಅಪಾಯಕರ. ಹಾಗೆಂದು, ಮೈ ಹಗುರವಾಯಿತೆಂಬ ಒಂದೇ ಕಾರಣದಿಂದ ಮಾತ್ರೆಯನ್ನು ತಾವಾಗಿ ಬಿಟ್ಟುಬಿಡುವವರು ಮೋಸಹೋಗುತ್ತಾರೆ. ಏರಿದ ಒತ್ತಡವು ನೋವನ್ನಾಗಲಿ ಸಂಕಟವನ್ನಾಗಲಿ ತೋರದೆ ವರ್ಷಗಟ್ಟಲೆ ನಾಳಗಳನ್ನು ಕೆಡಿಸಬಲ್ಲುದು. ಆದರೆ ಇಂತಹ ಮಾತ್ರೆಯನ್ನು ಸೇವಿಸುತ್ತಿರುವವರಿಗೆ ಬಲವಾದ ವಾಂತಿಭೇದಿ ತಗುಲಿದರೆ, ತಡಮಾಡದೆ ವೈದ್ಯರಿಗೆ ತಿಳಿಸಬೇಕು. ನಾವು ಮಾತ್ರೆಯಿಂದ ತಡೆದಿಟ್ಟಿರುವ ಆ ಹಾರ್ಮೋನೇ ಅಂದು ದೇಹಕ್ಕೆ ಬೇಕಾಗಿರುತ್ತದೆ. ಔಷಧವನ್ನು ಕೆಲವು ದಿನ ನಿಲ್ಲಿಸಬೇಕೆ ಎಂಬುದನ್ನು ಅವರೇ ನಿರ್ಣಯಿಸುತ್ತಾರೆ.