ಹಳೆಯ ಫೋಟೋ, ಹೊಸ ಕ್ಯಾಮೆರಾ: ಮನೆಯ ಚಿತ್ರಗಳನ್ನು ಉಳಿಸುವಾಗ ಎಷ್ಟು ತಿದ್ದಬಹುದು?



2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪೇಟೆಗೂ ಮೂಡಲಗಿ ಭಾಗದ ಹೊಳೆದಂಡೆಯ ಹಳ್ಳಿಗಳಿಗೂ ನೀರು ಹೊಕ್ಕಿದ್ದು ಎಲ್ಲರಿಗೂ ನೆನಪಿದೆ. ದವಸ, ಬಟ್ಟೆ, ಅಂಗಡಿಯ ಮಾಲು ಹೋದವು. ಅವನ್ನು ವರ್ಷ ಎರಡು ವರ್ಷಗಳಲ್ಲಿ ಹೇಗೋ ಮತ್ತೆ ಕೂಡಿಸಿಕೊಂಡೆವು. ಕೂಡಿಸಲಾಗದೇ ಉಳಿದದ್ದು ಟ್ರಂಕಿನಲ್ಲಿದ್ದ ಫೋಟೋಗಳು. ಅಜ್ಜನ ಮುಖ, ಜೀರ್ಣೋದ್ಧಾರಕ್ಕಿಂತ ಮೊದಲಿನ ಬಸದಿ, ಊರಿಗೆ ಬಂದ ಮುನಿಸಂಘದ ವಿಹಾರ, ಎಲ್ಲವೂ ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು.

ಆಗಲೇ ಇನ್ನೊಂದು ಸಂಗತಿಯೂ ಗಮನಕ್ಕೆ ಬಂತು. ಗೋಕಾಕದ ಮನೆಯಲ್ಲಿ ಹಾಳಾದ ಮದುವೆಯ ಫೋಟೋದ ಇನ್ನೊಂದು ಪ್ರತಿ ಹುಕ್ಕೇರಿಯ ಬೀಗರ ಗೋಡೆಯ ಮೇಲೆ ಭದ್ರವಾಗಿತ್ತು. ಒಂದು ಮನೆಯಲ್ಲಿ ಹೋದದ್ದು ಸಂಬಂಧಿಕರ ಮನೆಯಲ್ಲಿ ಉಳಿದಿರುತ್ತದೆ. ಆದರೆ ಅದರಲ್ಲಿ ಕುಳಿತವರ ಹೆಸರು ಬಲ್ಲ ಹಿರಿಯರು ವರ್ಷಕ್ಕಿಷ್ಟು ಕಡಿಮೆಯಾಗುತ್ತಿದ್ದಾರೆ.

ನಾನು ಬೆಲ್ಲದ ವ್ಯಾಪಾರಿ, ಫೋಟೋಗ್ರಾಫರ್ ಅಲ್ಲ. ಪ್ರವಾಹದ ನಂತರ ಸಮಾಜದ ಹುಡುಗರ ಜೊತೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಿಗೆ ಹೋಗಿ ಹಳೆಯ ಫೋಟೋಗಳ ಪ್ರತಿ ತೆಗೆಯುತ್ತ ಕ್ಯಾಮೆರಾ ಕಲಿತೆ. ಈಗ ಎಲ್ಲರ ಕೈಯಲ್ಲೂ ಒಳ್ಳೆಯ ಮೊಬೈಲ್ ಇದೆ, ಚಿತ್ರ ತಿದ್ದುವ ಆ್ಯಪ್‌ಗಳೂ ಇವೆ. ಅವುಗಳಿಂದ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಶ್ರಾವಕ ಬಂಧುಗಳಿಗೆ ತಿಳಿಸಲು ಈ ಲೇಖನ.

ನೀರಿಗೆ ಸಿಕ್ಕ ಫೋಟೋ

ಒದ್ದೆಯಾದ ಫೋಟೋಗಳ ಕಟ್ಟನ್ನು ಹಾಗೆಯೇ ಒಣಗಲು ಬಿಡಬೇಡಿ. ಫೋಟೋ ಕಾಗದದ ಮೇಲೆ ಜಿಲೆಟಿನ್ ಪದರವಿರುತ್ತದೆ. ಅದು ಒದ್ದೆಯಾದಾಗ ಮೆತ್ತಗಾಗಿ, ಒಣಗುವಾಗ ಪಕ್ಕದ ಫೋಟೋಕ್ಕೆ ಅಂಟಿಕೊಳ್ಳುತ್ತದೆ. ಕಟ್ಟನ್ನು ತಣ್ಣನೆಯ ಶುದ್ಧ ನೀರಿನ ಪಾತ್ರೆಯಲ್ಲಿಟ್ಟು ಒಂದೊಂದಾಗಿ ಮೆಲ್ಲಗೆ ಬಿಡಿಸಿ. ಚಿತ್ರದ ಮುಖವನ್ನು ಬೆರಳಿನಿಂದ ಉಜ್ಜಬೇಡಿ. ಚಿತ್ರ ಮೇಲ್ಮುಖವಾಗಿ ಹೀರುಕಾಗದದ ಮೇಲೆ ನೆರಳಿನಲ್ಲಿ ಒಣಗಿಸಿ. ಬಿಸಿಲು, ಇಸ್ತ್ರಿ, ಬಿಸಿಗಾಳಿ ಬೇಡ. ಒಂದೇ ದಿನದಲ್ಲಿ ಎಲ್ಲ ಬಿಡಿಸಲಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟು ನಂತರ ಬಿಡಿಸಬಹುದು.

ಚೌಕಟ್ಟಿನ ಗಾಜಿಗೆ ಅಂಟಿದ ಫೋಟೋವನ್ನು ಕೀಳಲು ಹೋಗಬೇಡಿ, ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಸಮೇತವೇ ಪ್ರತಿ ತೆಗೆಯಿರಿ.

ಮೊಬೈಲಿನಲ್ಲಿ ಪ್ರತಿ ತೆಗೆಯುವ ಕ್ರಮ

ಸ್ಕ್ಯಾನರ್ ಇದ್ದರೆ ಸಾಧಾರಣ ಫೋಟೋಕ್ಕೆ 600 ಡಿಪಿಐ, ಸಮೂಹ ಚಿತ್ರಕ್ಕೆ 1200 ಡಿಪಿಐ ಇಡಿ. ಇಲ್ಲದಿದ್ದರೆ ಮೊಬೈಲೇ ಸಾಕು, ಆದರೆ ಕ್ರಮ ತಪ್ಪಬಾರದು.

ಮೊದಲು ಲೆನ್ಸ್ ಒರೆಸಿ. ಫೋಟೋವನ್ನು ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ ಸಪಾಟಾಗಿ ಇಡಿ. ಫ್ಲ್ಯಾಶ್ ಬೇಡ. ದೀಪ ಬಳಸುವುದಾದರೆ ಎರಡು ಕಡೆಯಿಂದ 45 ಡಿಗ್ರಿ ಓರೆಯಲ್ಲಿ ಒಂದೇ ಥರದ ಎರಡು ದೀಪಗಳಿರಲಿ. ಮೊಬೈಲು ಫೋಟೋಕ್ಕೆ ಸಮಾನಾಂತರವಾಗಿರಬೇಕು, ಇಲ್ಲದಿದ್ದರೆ ಆಯತ ಹೋಗಿ ಓರೆಯಾಗುತ್ತದೆ. ತೀರ ಹತ್ತಿರ ಹೋಗದೆ ತುಸು ದೂರ ನಿಂತು 2ಎಕ್ಸ್‌ನಲ್ಲಿ ತೆಗೆದರೆ ಅಂಚುಗಳು ಬಾಗುವುದು ಕಡಿಮೆ. ಪರದೆಯನ್ನು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. 2 ಸೆಕೆಂಡಿನ ಟೈಮರ್ ಇಟ್ಟರೆ ಕೈ ನಡುಗಿದ್ದು ಚಿತ್ರದಲ್ಲಿ ಬರುವುದಿಲ್ಲ. ಗಾಜಿನಲ್ಲಿ ನಿಮ್ಮದೇ ನೆರಳು ಕಂಡರೆ ಕಪ್ಪು ಬಟ್ಟೆಗೆ ಲೆನ್ಸಿನಷ್ಟು ತೂತು ಮಾಡಿ ಅದರ ಹಿಂದಿನಿಂದ ತೆಗೆಯಿರಿ. ಪಕ್ಕದಲ್ಲಿ ಒಂದು ಬಿಳಿ ಕಾಗದದ ಚೂರು ಇಟ್ಟರೆ ನಂತರ ಬಣ್ಣ ಸರಿಪಡಿಸಲು ಅದೇ ಅಳತೆಗೋಲು.

ಪಂಚಕಲ್ಯಾಣ, ಚಾತುರ್ಮಾಸಗಳ ಸಮೂಹ ಚಿತ್ರಗಳಲ್ಲಿ ಒಂದೊಂದು ಮುಖ 3 ಮಿಲಿಮೀಟರ್ ಇರುತ್ತದೆ. 10 ಇಂಚು ಅಗಲದ ಚಿತ್ರವನ್ನು ಸಾಧಾರಣ 12 ಮೆಗಾಪಿಕ್ಸೆಲ್ ಮೊಬೈಲಿನಲ್ಲಿ ಒಂದೇ ಸಲ ತೆಗೆದರೆ ಆ ಮುಖಕ್ಕೆ ಸಿಗುವುದು ಸುಮಾರು 47 ಪಿಕ್ಸೆಲ್ ಮಾತ್ರ. ಅದನ್ನು ದೊಡ್ಡದು ಮಾಡಿದರೆ ಮಸುಕು. ಅಂಥ ಚಿತ್ರವನ್ನು ನಾಲ್ಕು ಅಥವಾ ಆರು ಭಾಗ ಮಾಡಿ, ಒಂದು ಭಾಗದ ಮೂರನೆಯ ಒಂದಂಶ ಇನ್ನೊಂದರಲ್ಲಿ ಬರುವಂತೆ ತೆಗೆದು ಆಮೇಲೆ ಜೋಡಿಸಿ. ಜೋಡಿಸಲು ಬಾರದಿದ್ದರೂ ಭಾಗಗಳನ್ನೇ ಇಟ್ಟುಕೊಳ್ಳಿ, ಹೆಸರು ಗುರುತಿಸಲು ಅಷ್ಟು ಸಾಕು.

ಹಿಂಬದಿಯ ಪ್ರತಿಯನ್ನೂ ತಪ್ಪದೇ ತೆಗೆಯಿರಿ. ಎಷ್ಟೋ ಸಲ ಮುಖಕ್ಕಿಂತ ಬೆನ್ನೇ ಹೆಚ್ಚು ಹೇಳುತ್ತದೆ.

ಯಾವ ಕಾಲದ್ದೆಂದು ತಿಳಿಯುವುದು ಹೇಗೆ

ಹಿಂಬದಿಯಲ್ಲಿ ಸ್ಟುಡಿಯೋದ ರಬ್ಬರ್ ಸ್ಟ್ಯಾಂಪ್ ಇರುತ್ತದೆ. ಅದರಲ್ಲಿ ಪಿನ್ ಕೋಡ್ ಇದ್ದರೆ ಆ ಸ್ಟ್ಯಾಂಪ್ 1972ರ ಆಗಸ್ಟ್ 15ರ ನಂತರದ್ದು, ಪಿನ್ ಪದ್ಧತಿ ಬಂದದ್ದೇ ಆಗ. 'ಮೈಸೂರು ರಾಜ್ಯ' ಎಂದಿದ್ದರೆ 1956ರ ನವೆಂಬರ್‌ನಿಂದ 1973ರ ಅಕ್ಟೋಬರ್‌ವರೆಗಿನದು. ನಮ್ಮ ಬೆಳಗಾವಿ ಜಿಲ್ಲೆ ಅದಕ್ಕೂ ಮೊದಲು ಮುಂಬಯಿ ರಾಜ್ಯದಲ್ಲಿತ್ತು. ಮೂಡಲಗಿ ಈಗ ಬೇರೆ ತಾಲೂಕು, ಆದರೆ ಹಳೆಯ ಚಿತ್ರಗಳ ಹಿಂದೆ 'ತಾ. ಗೋಕಾಕ' ಎಂದೇ ಇರುತ್ತದೆ. ಅದನ್ನು ತಪ್ಪೆಂದು ಹೊಡೆದು ಹಾಕಬೇಡಿ.

ಚಿತ್ರದೊಳಗೂ ಗುರುತುಗಳಿವೆ. ಶ್ರವಣಬೆಳಗೊಳದ ಗೊಮ್ಮಟನ ಹಿಂದೆ ಅಟ್ಟಣಿಗೆ ಕಟ್ಟಿದ್ದು ಕಂಡರೆ ಅದು ಮಹಾಮಸ್ತಕಾಭಿಷೇಕದ ಸಮಯ: 1940, 1953, 1967, 1981, 1993, 2006, 2018. ಇವುಗಳಲ್ಲಿ ಯಾವುದು ಎಂಬುದು ಕುಳಿತ ಮಕ್ಕಳ ವಯಸ್ಸಿನಿಂದ ತಿಳಿಯುತ್ತದೆ. ಧರ್ಮಸ್ಥಳದ ಬಾಹುಬಲಿಗೆ ಮಸ್ತಕಾಭಿಷೇಕ ನಡೆಯುತ್ತಿರುವ ಚಿತ್ರವಾದರೆ 1982ಕ್ಕಿಂತ ಹಿಂದಿನದಲ್ಲ. ನಮ್ಮ ಜಿಲ್ಲೆಯ ಭೋಜ ಗ್ರಾಮದವರಾದ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು ಮುನಿದೀಕ್ಷೆ ಪಡೆದದ್ದು 1920ರಲ್ಲಿ, ಕುಂಥಲಗಿರಿಯಲ್ಲಿ ಸಮಾಧಿಸ್ಥರಾದದ್ದು 1955ರ ಸೆಪ್ಟೆಂಬರ್‌ನಲ್ಲಿ. ಅವರು ಮುನಿಗಳಾಗಿ ಶ್ರಾವಕರ ನಡುವೆ ಕುಳಿತ ಚಿತ್ರ ನಿಮ್ಮ ಮನೆಯಲ್ಲಿದ್ದರೆ ಅದು ಆ 35 ವರ್ಷಗಳೊಳಗಿನದು. ಅಂಥ ಚಿತ್ರ ಒಂದು ಮನೆಯ ಸೊತ್ತಷ್ಟೇ ಅಲ್ಲ, ಸಮಾಜದ ದಾಖಲೆ.

ತಿದ್ದುವುದು ಎಲ್ಲಿಯವರೆಗೆ

ಈಗ ಮುಖ್ಯ ಮಾತು. ವಾಟ್ಸಾಪಿನಲ್ಲಿ 'ಹೊಸದಾಗಿಸಿದ' ಹಳೆಯ ಫೋಟೋಗಳು ದಿನವೂ ಬರುತ್ತವೆ. ನೋಡಲು ಚೆಂದ. ಆದರೆ ಒಂದು ಚಿತ್ರದಲ್ಲಿ ದಿಗಂಬರ ಮುನಿಗಳ ಹೆಗಲ ಮೇಲೆ ಬಟ್ಟೆ ಬಂದಿತ್ತು, ಕೈಯಲ್ಲಿದ್ದ ನವಿಲುಗರಿಯ ಪಿಂಛಿ ಹೂಗುಚ್ಛವಾಗಿತ್ತು. ಇನ್ನೊಂದು ಮನೆಯಲ್ಲಿ ಆಯಿಯ ಮದುವೆಯ ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ಹಾಕಿಸಿದ್ದರು. ಸೀರೆ ಕೆಂಪಾಗಿತ್ತು. ಆಯಿ ನೋಡಿ, "ನನ್ನ ಸೀರಿ ಹಸರ ಇತ್ತಪ್ಪಾ, ಈಕಿ ಯಾರು?" ಎಂದು ಕೇಳಿದರು. ಸೀರೆಯಷ್ಟೇ ಅಲ್ಲ, ಮುಖವೂ ಅವರದಾಗಿರಲಿಲ್ಲ.

ಹೀಗಾಗಲು ಕಾರಣವಿದೆ. ಮಸುಕಾದ ಮುಖದಲ್ಲಿ ಇಲ್ಲದ ವಿವರವನ್ನು ಆ್ಯಪ್ ಆ ಫೋಟೋದಿಂದ ತೆಗೆಯುವುದಿಲ್ಲ. ತಾನು ಕಲಿತ ಬೇರೆ ಅಸಂಖ್ಯ ಮುಖಗಳಿಂದ ಊಹಿಸಿ ತುಂಬುತ್ತದೆ. ಬಟ್ಟೆ ಇಲ್ಲದ ಹೆಗಲು, ನವಿಲುಗರಿಯ ಪಿಂಛಿ ಅದು ಹೆಚ್ಚು ನೋಡಿದ್ದಲ್ಲ. ಆದ್ದರಿಂದ ತನಗೆ ಗೊತ್ತಿದ್ದದ್ದನ್ನು ಹಾಕುತ್ತದೆ. ಮನೆಯ ಹಿರಿಯರು ಇರುವವರೆಗೆ 'ಇದು ಅವರಲ್ಲ' ಎನ್ನಲು ಒಬ್ಬರಾದರೂ ಇರುತ್ತಾರೆ. ಅವರ ನಂತರ ಊಹೆಯ ಮುಖವೇ ಅಜ್ಜಿಯ ಮುಖವಾಗಿ ಮೊಮ್ಮಕ್ಕಳಿಗೆ ಉಳಿಯುತ್ತದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಮೂರು ಈ ಕೆಲಸಕ್ಕೆ ನೇರವಾಗಿ ಅನ್ವಯಿಸುತ್ತವೆ ಎಂದು ನನ್ನ ತಿಳುವಳಿಕೆ. ಕೂಟಲೇಖಕ್ರಿಯೆ ಎಂದರೆ ಸುಳ್ಳು ದಾಖಲೆ ಮಾಡುವುದು. ನಾವು ವ್ಯಾಪಾರಿಗಳು ಇದನ್ನು ಖಾತೆ ಪುಸ್ತಕಕ್ಕೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯುತ್ತೇವೆ, ಆದರೆ ಫೋಟೋ ಕೂಡ ಒಂದು ಲೇಖವೇ. ನ್ಯಾಸಾಪಹಾರ ಎಂದರೆ ನಂಬಿ ಇಟ್ಟ ಠೇವಣಿಯನ್ನು ಉಳಿಸಿಕೊಳ್ಳುವುದು. ಪ್ರತಿ ತೆಗೆಯಲು ಪಡೆದ ಆಲ್ಬಮ್ಮನ್ನು ಎಣಿಸಿ ಪಡೆದು ಎಣಿಸಿ ಮರಳಿಸಬೇಕು. ಸಾಧ್ಯವಾದರೆ ಅವರ ಮನೆಯಲ್ಲೇ ಕುಳಿತು ತೆಗೆಯುವುದು ಉತ್ತಮ. ರಹೋಭ್ಯಾಖ್ಯಾನ ಎಂದರೆ ಗುಟ್ಟನ್ನು ಬಯಲು ಮಾಡುವುದು. ಮನೆಯವರನ್ನು ಕೇಳದೆ ಅವರ ಫೋಟೋವನ್ನು ಗ್ರೂಪಿಗೆ ಹಾಕಬಾರದು.

ಹಾಗಾದರೆ ಏನು ತಿದ್ದಬಹುದು? ಓರೆಯಾಗಿದ್ದನ್ನು ನೆಟ್ಟಗೆ ಮಾಡಬಹುದು. ಮಾಸಿದ ಕಪ್ಪನ್ನು ಗಾಢ ಮಾಡಬಹುದು. ಹಿನ್ನೆಲೆಯ ಗೋಡೆಯ ಮೇಲಿನ ಬೂಸಿನ ಚುಕ್ಕೆ, ಗೀರು ತೆಗೆಯಬಹುದು, ಮುಖದ ಮೇಲಿನದನ್ನು ಬಿಡುವುದು ಒಳ್ಳೆಯದು. 1970ರ ದಶಕದ ಬಣ್ಣದ ಫೋಟೋಗಳು ಕೆಂಪಾಗಿರುವುದು ಸಾಮಾನ್ಯ, ಏಕೆಂದರೆ ಅವುಗಳಲ್ಲಿನ ನೀಲಿ-ಹಸಿರು ಬಣ್ಣ ಬೇಗ ಮಾಸುತ್ತದೆ. ಚಿತ್ರದಲ್ಲಿ ಬಿಳಿಯೆಂದು ಗೊತ್ತಿರುವ ವಸ್ತು, ಧೋತರವೋ ಆರ್ಯಿಕೆಯರ ಸೀರೆಯೋ, ಬಿಳಿಯಾಗಿ ಕಾಣುವವರೆಗೆ ಬಣ್ಣ ಸರಿಪಡಿಸಬಹುದು. ಇದು ಇದ್ದದ್ದನ್ನು ಕಾಣಿಸುವ ಕೆಲಸ. ಇಲ್ಲದ್ದನ್ನು ತುಂಬುವುದು, ಒಬ್ಬರನ್ನು ತೆಗೆದುಹಾಕುವುದು, ಬೇರೆಯವರನ್ನು ಸೇರಿಸುವುದು ಬೇಡ. ಯಾರಿಗಾದರೂ ಬಣ್ಣ ಹಾಕಿದ ಚಿತ್ರವೇ ಬೇಕೆಂದರೆ ಕೆಳಗೆ 'ತಿದ್ದಿದ ಪ್ರತಿ' ಎಂದು ಬರೆಯಿರಿ, ಮೂಲ ಪ್ರತಿಯನ್ನು ಜೊತೆಗೆ ಇಡಿ.

ಹಳೆಯ ಜಾಗಕ್ಕೆ ಹೊಸ ಚಿತ್ರ

ಹಳೆಯ ಚಿತ್ರ ಕೈಯಲ್ಲಿ ಹಿಡಿದು ಅದೇ ಜಾಗದಿಂದ ಮತ್ತೆ ಚಿತ್ರ ತೆಗೆಯುವುದು ಕ್ಯಾಮೆರಾ ಕಲಿಯಲು ಒಳ್ಳೆಯ ಅಭ್ಯಾಸ. ಗೋಕಾಕ ಜಲಪಾತ, ತೂಗುಸೇತುವೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಈ ಭಾಗದ ಬಹಳ ಮನೆಗಳಲ್ಲಿ ಸಿಗುತ್ತದೆ. ಅಲ್ಲಿಂದ ಆರಂಭಿಸಿ. ಚಿತ್ರದಲ್ಲಿ ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಆರಿಸಿಕೊಳ್ಳಿ. ಹಳೆಯ ಚಿತ್ರಕ್ಕಿಂತ ಹತ್ತಿರದ ವಸ್ತು ಬಲಕ್ಕೆ ಸರಿದಂತೆ ಕಂಡರೆ ನೀವೂ ಬಲಕ್ಕೆ ಸರಿಯಿರಿ, ಎಡಕ್ಕೆ ಕಂಡರೆ ಎಡಕ್ಕೆ. ಎರಡೂ ಹಳೆಯಂತೆ ಕೂಡಿದಾಗ ನೀವು ಅಂದಿನ ಫೋಟೋಗ್ರಾಫರ್ ನಿಂತ ಜಾಗದಲ್ಲಿರುತ್ತೀರಿ. ಝೂಮ್‌ನಿಂದ ಇದು ಆಗುವುದಿಲ್ಲ, ಕಾಲಿನಿಂದಲೇ ಆಗಬೇಕು. ಹಳೆಯ ಡಬ್ಬಿ ಕ್ಯಾಮೆರಾಗಳನ್ನು ಎದೆ ಅಥವಾ ಸೊಂಟದ ಮಟ್ಟದಲ್ಲಿ ಹಿಡಿಯುತ್ತಿದ್ದರು, ಮೊಬೈಲನ್ನೂ ಹಾಗೆ ಹಿಡಿದು ನೋಡಿ. ನೆರಳು ಬಿದ್ದ ದಿಕ್ಕಿನಿಂದ ಹೊತ್ತೂ ತಿಳಿಯುತ್ತದೆ.

ಕೆಲವು ಜಾಗಗಳಿಗೆ ಇನ್ನು ಹೋಗಿ ನಿಲ್ಲಲಾಗದು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ದೇವಾಲಯ ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಕಾಣುತ್ತದೆ. ಮುಳುಗಿದ ಊರುಗಳ ಓಣಿ, ಅಂಗಳ ಉಳಿದಿರುವುದು ಅಲ್ಲಿಂದ ಎದ್ದು ಬಂದವರ ಫೋಟೋಗಳಲ್ಲಿ ಮಾತ್ರ.

ಬಸದಿಗಳಿಗೂ ಈ ಮಾತು ಸಲ್ಲುತ್ತದೆ. ಜೀರ್ಣೋದ್ಧಾರದಲ್ಲಿ ಟೈಲ್ಸ್, ಬಣ್ಣ ಬಂದು ಹಳೆಯ ಕಂಬ, ಬಾಗಿಲವಾಡ, ಶಾಸನದ ಕಲ್ಲು ಮುಚ್ಚಿಹೋಗುವುದುಂಟು. ಹಳೆಯ ಮದುವೆ ಚಿತ್ರದ ಹಿನ್ನೆಲೆಯಲ್ಲಿ ಅವು ಕಂಡರೆ ಎಲ್ಲಿದ್ದವೆಂದು ತಿಳಿಯುತ್ತದೆ. ನಮ್ಮದು ರಟ್ಟರ ಕಾಲದ ಬಸದಿಗಳ ನಾಡು. ಬೆಳಗಾವಿ ಕೋಟೆಯ ಕಮಲ ಬಸದಿಯೂ ಕಲ್ಲೋಳಿಯ ಶಾಂತಿನಾಥ ಬಸದಿಯ ಶಾಸನವೂ ನಾಲ್ಕನೆಯ ಕಾರ್ತವೀರ್ಯನ ಕಾಲದವು, 1204ರ ಸುಮಾರಿನವು. ಸವೆದ ಶಾಸನ ಅಥವಾ ಬಿಂಬದ ಪೀಠದ ಅಕ್ಷರ ಓದಲು ಎದುರಿನಿಂದ ಬೆಳಕು ಹಾಕಿದರೆ ಪ್ರಯೋಜನವಿಲ್ಲ. ಸಂಜೆ ಹೊತ್ತು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಹೆಚ್ಚುಕಡಿಮೆ ತಾಗುವಂತೆ ಹಿಡಿದು ನಾಲ್ಕು ದಿಕ್ಕಿನಿಂದ ನಾಲ್ಕು ಚಿತ್ರ ತೆಗೆಯಿರಿ. ಅಕ್ಷರದ ತಗ್ಗಿನಲ್ಲಿ ನೆರಳು ಬಿದ್ದು ಓದಲು ಬರುತ್ತದೆ. ಸುಣ್ಣ, ಹಿಟ್ಟು, ಎಣ್ಣೆ ಬಳಿಯಬೇಡಿ, ಅದರಿಂದ ಕಲ್ಲು ಹಾಳಾಗುತ್ತದೆ. ಬಸದಿಯೊಳಗೆ ಕಮಿಟಿಯವರ, ಪಂಡಿತರ ಅಪ್ಪಣೆ ಪಡೆದೇ ಕ್ಯಾಮೆರಾ ತೆಗೆಯಿರಿ. ಮೂಲನಾಯಕರ ಚಿತ್ರ ತೆಗೆಯಬಾರದೆಂಬ ರೂಢಿ ಇದ್ದಲ್ಲಿ ಅದನ್ನು ಪಾಲಿಸಿ.

ಹೆಸರು ಬರೆದು, ಮೂರು ಕಡೆ ಇಡಿ

ಕಡತದ ಹೆಸರಿನಲ್ಲಿ ವರ್ಷ, ಊರು, ಸಂದರ್ಭ ಬರಲಿ. ವರ್ಷ ಖಚಿತವಿಲ್ಲದಿದ್ದರೆ 'ಸುಮಾರು' ಎಂದು ಸೇರಿಸಿ. ಕುಳಿತವರ ಹೆಸರನ್ನು ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಬರೆಯಿರಿ. ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದನ್ನೂ ಬರೆಯಿರಿ. ಗೊತ್ತಿಲ್ಲದವರ ಜಾಗದಲ್ಲಿ 'ಗೊತ್ತಿಲ್ಲ' ಎಂದೇ ಇರಲಿ. ಮೂಲ ಫೋಟೋದ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ ಬಳಸಿ. ಬಾಲ್ ಪೆನ್ನಿನ ಒತ್ತು ಮುಂದಿನ ಮುಖಕ್ಕೆ ಮೂಡುತ್ತದೆ.

ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಗಾತ್ರ ಇಳಿದು ವಿವರ ಹೋಗುತ್ತದೆ, 'ಡಾಕ್ಯುಮೆಂಟ್' ಆಗಿ ಕಳಿಸಿ. ಒಟ್ಟು ಮೂರು ಪ್ರತಿ ಇರಲಿ: ಒಂದು ಮನೆಯ ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ಸಂಬಂಧಿಕರ ಮನೆಯಲ್ಲಿ. ಹೊಳೆದಂಡೆಯವರಿಗೆ ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಮಕ್ಕಳು, ಮೊಮ್ಮಕ್ಕಳು ಊರಿಗೆ ಬರುತ್ತಾರೆ. ಈ ಸಲ ಒಂದು ಮಧ್ಯಾಹ್ನ ಆಲ್ಬಮ್ ಕೆಳಗಿಳಿಸಿ, ಮನೆಯ ಹಿರಿಯರನ್ನು ಬೆಳಕಿನ ಹತ್ತಿರ ಕೂಡಿಸಿ. ಮೊಮ್ಮಗ ಪ್ರತಿ ತೆಗೆಯಲಿ, ಮೊಮ್ಮಗಳು ಹೆಸರು ಬರೆದುಕೊಳ್ಳಲಿ. ಮೊದಲು ಅತಿ ಹಳೆಯದನ್ನಲ್ಲ, ಗುರುತಿಸಬಲ್ಲವರು ಒಬ್ಬರೇ ಉಳಿದಿರುವ ಫೋಟೋವನ್ನು ಎತ್ತಿಕೊಳ್ಳಿ.