ಗುಂಟೆಗೊಂದು ಚುಕ್ಕೆ ಸಾಲದು

ಹಳ್ಳಿಯಲ್ಲಿ ಹೊಲಕ್ಕೆ ಸರ್ವೆ ನಂಬರ್ ಇದೆ, ಪಹಣಿ ಇದೆ. ಆದರೆ ಅಜ್ಜನ ಕಾಲದಿಂದ ಬಾಳಿದ ಗ್ರಾಮಠಾಣದ ಮನೆಗೆ ಬಹಳ ಕಡೆ ಅಳತೆಯ ನಕ್ಷೆಯೇ ಇರಲಿಲ್ಲ. ಸಾಲಕ್ಕೆ ಹೋದರೆ ಬ್ಯಾಂಕಿನವರು ಕೇಳುವುದು ಅದನ್ನೇ. ಸರಪಳಿ ಹಿಡಿದು ಹೊಲ ಅಳೆದೇ ಬದುಕಿದ ನನಗೆ ಡ್ರೋನ್ ಮೇಲೆ ಪ್ರೀತಿ ಹುಟ್ಟಿದ್ದು ಈ ಮನೆಗಳಿಂದ.

ಉಪಗ್ರಹ ಸಾಲದೇ ಎಂದು ಹಲವರು ಕೇಳುತ್ತಾರೆ. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಅತಿ ಸಣ್ಣ ಚುಕ್ಕೆಯೂ ನೆಲದ ಮೇಲೆ 10 ಮೀಟರ್ ಚೌಕ. ನಮ್ಮ ಒಂದು ಗುಂಟೆ 33 ಅಡಿ ಚೌಕ, ಹೆಚ್ಚುಕಡಿಮೆ ಅಷ್ಟೇ. ಮನೆ, ಹಿತ್ತಲು, ಕೊಟ್ಟಿಗೆ ಎಲ್ಲ ಸೇರಿ ಒಂದೆರಡು ಚುಕ್ಕೆಯಲ್ಲಿ ಮುಗಿದುಹೋಗುತ್ತವೆ. ನೂರಿಪ್ಪತ್ತು ಮೀಟರ್ ಎತ್ತರದಲ್ಲಿ ಹಾರುವ ಡ್ರೋನಿಗೆ ಚುಕ್ಕೆಯೊಂದು ಕೆಲವೇ ಸೆಂಟಿಮೀಟರ್. ಮೋಡ ಕವಿದರೂ ಅದರ ಕೆಳಗೇ ಹಾರಬಲ್ಲದು, ಮಳೆ ಮಾತ್ರ ಬರಬಾರದು.

ಗ್ರಾಮಠಾಣದ ಮನೆಗಳನ್ನು ಡ್ರೋನಿನಿಂದ ಅಳೆದು ನಕ್ಷೆ ಮಾಡಲು 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆ ಈ ಬಲವನ್ನೇ ನಂಬಿದೆ. ಹಾರಾಟಕ್ಕೆ ಮುಂಚೆ ಪಂಚಾಯಿತಿಯವರು, ಸರ್ವೆಯವರು, ಮನೆಯವರು, ಪಕ್ಕದವರು ಕೂಡಿ ನಿಂತು ಗಡಿಗುಂಟ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಬೇಕು. ಬಾವಿ ಯಾರ ಪಾಲಿಗೆ, ಬಣವೆ ಎಲ್ಲಿಯವರೆಗೆ ಎಂಬ ಮಾತೆಲ್ಲ ಅಲ್ಲೇ ಮುಗಿಯಬೇಕು. ಕೋಳಿ ಕೆದರುವ ಮುಂಚೆ ಡ್ರೋನ್ ಏಳಬೇಕು. ಒಂದು ಚಿತ್ರದ ಬಹುಭಾಗ ಮುಂದಿನದರಲ್ಲೂ ಬರುವಂತೆ ಅದು ಸಾಲುಸಾಲಾಗಿ ಹಾರುತ್ತದೆ. ಒಂದೇ ಮೂಲೆ ಹಲವು ಕೋನಗಳಿಂದ ಸಿಕ್ಕಿದ್ದರಿಂದ ಅದರ ಜಾಗ, ಎತ್ತರ ಎರಡೂ ಲೆಕ್ಕಕ್ಕೆ ಸಿಗುತ್ತವೆ. ಕಲ್ಲು ಕ್ವಾರಿಯ ಗುಂಡಿಯಿಂದ ಎಷ್ಟು ಕಲ್ಲು ಹೋಗಿದೆ ಎಂದು ಅಳೆಯುವುದೂ ಹೀಗೆಯೇ.

ಅಡಿಕೆ ತೋಟದ ಕಥೆ ಬೇರೆ. ಮರದ ತಲೆ ಬುಡದಲ್ಲಿ ನಿಂತವರಿಗೆ ಸರಿಯಾಗಿ ಕಾಣದು. ಆರೋಗ್ಯದ ಎಲೆ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಧಾರಾಳವಾಗಿ ಹಿಂದಕ್ಕೆ ಕಳಿಸುತ್ತದೆ, ಸೊರಗಿದ ಎಲೆ ಕಡಿಮೆ. ಡ್ರೋನಿನಲ್ಲಿ ಆ ಬೆಳಕು ಹಿಡಿಯುವ ಕ್ಯಾಮೆರಾ ಇದ್ದರೆ ಯಾವ ಮರ ಸೊರಗಿದೆ ಎಂದು ತಿಳಿಯುತ್ತದೆ. ರೋಗ ಯಾವುದೆಂದು ಹೇಳಲು ಮಾತ್ರ ಹತ್ತಿರ ಹೋಗಿ ನೋಡಲೇಬೇಕು.

ಮನೆಯ ವಿಷಯದಲ್ಲೂ ಒಂದು ಎಚ್ಚರ ಬೇಕು. ಡ್ರೋನಿಗೆ ಕಾಣುವುದು ಸೂರು, ಗೋಡೆಯಲ್ಲ. ಮಲೆನಾಡಿನ ಮನೆಗಳ ಸೂರು ಗೋಡೆಯಿಂದ ಎಷ್ಟೋ ಮುಂದೆ ಚಾಚಿರುತ್ತದೆ. ಹಲಸಿನ ಮರದ ಕೆಳಗಿನ ಗೆರೆಯಂತೂ ಕಾಣುವುದೇ ಇಲ್ಲ. ಅಂಥಲ್ಲಿ ಟೇಪು ಹಿಡಿದೇ ಅಳೆಯಬೇಕು. ಕರಡು ನಕ್ಷೆ ಊರಿಗೆ ಬಂದಾಗ ದಯವಿಟ್ಟು ಹೋಗಿ ನಿಮ್ಮ ಸೂರು, ಗೋಡೆ ಎರಡನ್ನೂ ತಾಳೆ ನೋಡಿ. ತಪ್ಪು ಕಂಡರೆ ಗಡುವಿನೊಳಗೆ ಆಕ್ಷೇಪಣೆ ಬರೆದು ಕೊಡಿ.