ಗಡಿಯ ದಾರಿಯಲ್ಲಿ ಮಗುವಿಗೊಂದು ಪ್ರಶ್ನೆ

ಮೆಣಸಿನಕಾಯಿ ಬಿಡಿಸುವ ಕಾಲ. ಆದವಾನಿಯ ಕಡೆಯಿಂದ ಸಿರುಗುಪ್ಪಕ್ಕೆ ಬರುತ್ತಿರುವ ವಾಹನವೊಂದನ್ನು ಪೊಲೀಸರು ತಡೆದು ನಿಲ್ಲಿಸಿದರೆಂದು ಭಾವಿಸೋಣ. ಒಳಗೆ ಗಂಡ, ಹೆಂಡತಿ, ಪಾತ್ರೆಗಳ ಗಂಟು. ಗಂಟಿನ ಮೇಲೆ ಏಳೆಂಟು ವರ್ಷದ ಒಬ್ಬ ಹುಡುಗ.

“ನಿನ್ನ ತಾಯಿಯ ಹೆಸರೇನು?”

“ಅವ್ವ.”

“ಅವ್ವನ ಹೆಸರು?”

ಹುಡುಗ ಉತ್ತರಿಸಲಾರ. ಅವನ ಪಾಲಿಗೆ ಅವ್ವನಿಗೆ ಬೇರೆ ಹೆಸರೇ ಇಲ್ಲ. ಸುತ್ತಲಿನವರಿಗೆ ನಗು ಬರುತ್ತದೆ. ಅಧಿಕಾರಿಗೆ ಮಾತ್ರ ಸಂದೇಹ ಬಲಿಯುತ್ತದೆ.

ಈ ಗಡಿಯ ವಯಸ್ಸು ಬಹಳವೇನೂ ಅಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸಂದವು. ಬಳ್ಳಾರಿ, ಸಿರುಗುಪ್ಪ ಮುಂತಾದವು ಮೈಸೂರಿಗೆ ಬಂದವು. ನಕ್ಷೆಯಲ್ಲಿ ಗೆರೆ ಬಿದ್ದರೂ ನಂಟು ಕಡಿಯಲಿಲ್ಲ. ಇಂದಿಗೂ ಹೆಣ್ಣು ಕೊಟ್ಟು ತರುವುದು, ಕೂಲಿಗೆ ಬರುವುದು, ಕುರುಗೋಡಿನ ದೊಡ್ಡ ಬಸವೇಶ್ವರನ ತೇರಿಗೆ ಕೈಮುಗಿಯುವುದು ಎಲ್ಲವೂ ನಡೆದೇ ಇದೆ. ಬಳ್ಳಾರಿಯ ಬೀದಿಗಳಲ್ಲಿ ಒಂದೇ ಮಗುವಿನ ಬಾಯಲ್ಲಿ ಕನ್ನಡವೂ ತೆಲುಗೂ ಬೆರೆತು ಬರುವುದು ಯಾರಿಗೂ ಸೋಜಿಗವಲ್ಲ.

ಈ ಗಡಿಯನ್ನು ದಾಟಲು ರಹದಾರಿ ಬೇಕಿಲ್ಲ. ದೇಶದೊಳಗೆ ಎಲ್ಲಿ ಬೇಕಾದರೂ ಸಂಚರಿಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯೇ ಕೊಟ್ಟಿದೆ. ಹಾಗಾದರೆ ಮಗುವನ್ನು ಪ್ರಶ್ನಿಸುವುದೇಕೆ? ಜೊತೆಯಲ್ಲಿ ಹಿರಿಯರೊಬ್ಬರು ಇದ್ದ ಮಾತ್ರಕ್ಕೆ ಮಗು ಕ್ಷೇಮವಾಗಿದೆಯೆಂದು ಹೇಳಲಾಗದು. ಮಕ್ಕಳನ್ನು ದುಡಿಮೆಗೆ ಸಾಗಿಸುವವನೂ ತನ್ನನ್ನು ತಂದೆಯೆಂದೋ ಮಾವನೆಂದೋ ಹೇಳಿಕೊಳ್ಳಬಲ್ಲನು. ರೈಲು ನಿಲ್ದಾಣಗಳಲ್ಲಿಯೂ ಗಾಡಿಗಳಲ್ಲಿಯೂ ದಿಕ್ಕಿಲ್ಲದೆ ಸಿಕ್ಕ ಮಕ್ಕಳ ರಕ್ಷಣೆಗೆಂದು ರೈಲ್ವೆ ರಕ್ಷಣಾ ದಳವು 2018ರಲ್ಲಿ ಆರಂಭಿಸಿದ ಕಾರ್ಯದಿಂದ 2024ರ ಮೇ ವೇಳೆಗೆ 84,000ಕ್ಕೂ ಮಿಕ್ಕಿದ ಮಕ್ಕಳು ಆಸರೆ ಕಂಡರು. ಆದುದರಿಂದ ಪ್ರಶ್ನೆ ಕೇಳುವುದು ತಪ್ಪಲ್ಲ. ಕೇಳದಿರುವುದೇ ಕೆಲವೊಮ್ಮೆ ಘೋರ ತಪ್ಪಾದೀತು.

ಕೇಳುವ ಬಗೆಯನ್ನೂ ಕಾನೂನು ಮರೆತಿಲ್ಲ. 2015ರ ಬಾಲನ್ಯಾಯ ಕಾಯಿದೆಯಂತೆ ಪ್ರತಿ ಠಾಣೆಯಲ್ಲಿಯೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೊಬ್ಬರು ಇರಬೇಕು. ಮಕ್ಕಳೊಡನೆ ಮಾತನಾಡುವವರು ಸಾಧ್ಯವಾದಷ್ಟು ಸಮವಸ್ತ್ರವಿಲ್ಲದೆ ಇರಬೇಕೆಂಬುದು ನಿಯಮ. ರಕ್ಷಣೆ ಅಗತ್ಯವೆಂದು ಕಂಡ ಮಗುವನ್ನು, ಪ್ರಯಾಣದ ವೇಳೆಯನ್ನು ಬಿಟ್ಟು, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಆದರೆ ನಿಯಮಕ್ಕಿಂತ ಮಿಗಿಲಾದುದು ಮಾತಿನ ಹದ. “ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು? ನಿಮ್ಮವ್ವನನ್ನು ನೆರೆಯವರು ಏನೆಂದು ಕರೆಯುತ್ತಾರೆ?” ಎಂದು ಮಗುವಿನ ಮನೆಮಾತಿನಲ್ಲಿ ಕೇಳಿದರೆ ಆ ಹುಡುಗನ ಬಾಯಿ ತೆರೆದೀತು. ಬಿರುಸಿನ ದನಿಗೆ ಸ್ವಂತ ಮಗುವೂ ಮೂಕವಾಗುತ್ತದೆ. ಕಲಿಸಿಕೊಟ್ಟ ಪಾಠವನ್ನು ಒಪ್ಪಿಸಿದ ಕದ್ದ ಮಗು ಪಾರಾಗಿ ಹೋಗುತ್ತದೆ. ಸಂದೇಹದ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದೂ ಇಲ್ಲ. ಸ್ವಂತ ಕಾರಿನಲ್ಲಿ ಹೋಗುವ ಸಂಸಾರಕ್ಕೆ ಎರಡು ನಿಮಿಷದ ಅಡಚಣೆ. ಕೂಲಿಯ ಸಂಸಾರಕ್ಕೆ ಒಂದು ದಿನದ ಅನ್ನ.

ಅಧಿಕಾರಿಗಳ ಹೊಣೆ ಇಷ್ಟಾದರೆ, ಮನೆಯವರ ಹೊಣೆಯೂ ಒಂದುಂಟು. ತಂದೆತಾಯಿಯರ ಪೂರ್ತಿ ಹೆಸರು, ಊರು, ಮಕ್ಕಳ ಸಹಾಯವಾಣಿ 1098 ಇವನ್ನು ಮಕ್ಕಳಿಗೆ ಆಟದಂತೆ ಕಲಿಸಬಹುದು. ಶಾಲೆಯ ಹೆಸರೊಂದು, ಮನೆಯಲ್ಲಿ ಕರೆಯುವ ಹೆಸರೊಂದಾದರೆ ಎರಡೂ ಮಗುವಿಗೆ ತಿಳಿದಿರಲಿ.

ಇದಕ್ಕೂ ಮೊದಲು ಬಿಡಬೇಕಾದ ಅಭ್ಯಾಸವೊಂದಿದೆ. ಊಟ ಬೇಡವೆಂದ ಮಗುವಿಗೆ, ನಿದ್ರೆ ಮಾಡದ ಮಗುವಿಗೆ, “ಪೊಲೀಸಿನವನಿಗೆ ಹಿಡಿದುಕೊಡುತ್ತೇನೆ, ನೋಡು!” ಎಂದು ಹೆದರಿಸದ ಮನೆ ಅಪರೂಪ. ಹಾಗೆ ಬೆದರಿ ಬೆಳೆದ ಮಗು, ನಿಜವಾಗಿಯೂ ಕೈತಪ್ಪಿ ಹೋದ ದಿನ, ತನ್ನನ್ನು ಮನೆಗೆ ಮುಟ್ಟಿಸಬಲ್ಲ ಮನುಷ್ಯನನ್ನು ಕಂಡೇ ಓಡಿಹೋಗುವುದು.